ಹಿಡಿಯ ತಳದ ಆರು ಅಂಕಿ

ನನ್ನ ಹತ್ತಿರ ಏಳು ರಿವಾಲ್ವರ್ ಇವೆ ಅಂದ ತಕ್ಷಣ ನಮ್ಮ ಕನ್ನಡ ಕೂಟದವರ ಮುಖ ಒಂಥರಾ ಆಗುತ್ತದೆ. ಯುಗಾದಿ ಊಟದ ಸಾಲಿನಲ್ಲಿ ಒಬ್ಬರು ಮೆಲ್ಲಗೆ ಕೇಳಿದರು, 'ಏನ್ ಸಾರ್, ಯಾರ ಮೇಲಾದ್ರೂ ಹಳೇ ದ್ವೇಷ ಇದ್ಯಾ?' ಅಂತ. ಇಲ್ಲ ಅಂದೆ. ಇವು ಕಾಗದಕ್ಕೆ ತೂತು ಮಾಡುವ ರಿವಾಲ್ವರ್‌ಗಳು. ಗುರಿ ಸ್ಪರ್ಧೆಗೆ ಅಂತಲೇ 1930ರಿಂದ 1960ರ ನಡುವೆ ಮಾಡಿದ್ದು, ಉದ್ದ ನಳಿಗೆ, ಗುರಿ ನೋಡೋಕೆ ನಳಿಗೆ ಮೇಲೆ ತಿರುಗಿಸಿ ಹೊಂದಿಸುವ ಸೈಟ್, ಹೆಚ್ಚಿನವು .22 ಅನ್ನುವ ಸಣ್ಣ ಗುಂಡಿನವು. ಜೇಬಲ್ಲಿ ಇಟ್ಟುಕೊಳ್ಳೋಕೂ ಆಗಲ್ಲ. ಅವರಿಗೆ ನಂಬಿಕೆ ಬರಲಿಲ್ಲ, ಹೋಳಿಗೆ ಕಡೆ ಹೋದರು.

ಇದು ಹೇಗೆ ಅಂಟಿಕೊಂಡಿತು ಅಂತ ಕೇಳಿದರೆ ಊರಿಂದ ಶುರು ಮಾಡಬೇಕು. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಅಜ್ಜಯ್ಯನ ಕಾಲದ ಒಂಟಿ ನಳಿಗೆಯ ತೋಟೆ ಕೋವಿ ಒಂದಿದೆ, ಬೆಳೆ ರಕ್ಷಣೆಯ ಲೈಸೆನ್ಸು. ಮಂಗ ಓಡಿಸೋದು, ಹಂದಿ ಹೆದರಿಸೋದು, ಅಷ್ಟೇ ಅದರ ಕೆಲಸ. ಎಲೆಕ್ಷನ್ ಘೋಷಣೆ ಆದಾಗಲೆಲ್ಲ ಅದನ್ನು ಗೋಣಿಯಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ, ಫಲಿತಾಂಶ ಬಂದ ಮೇಲೆ ವಾಪಸ್ ತರುವುದು ನಮ್ಮ ಮನೆಯಲ್ಲಿ ಒಂದು ಕಟ್ಟಳೆ. ಚಿಕ್ಕವನಿದ್ದಾಗ ಆ ಮೆರವಣಿಗೆಯಲ್ಲಿ ನಾನೂ ಹೋಗುತ್ತಿದ್ದೆ. ಕೋವಿ ಮುಟ್ಟೋಕೆ ಬಿಡುತ್ತಿರಲಿಲ್ಲ, ಲೈಸೆನ್ಸ್ ಪುಸ್ತಕ ಹಿಡ್ಕೊಳ್ಳೋಕೆ ಕೊಡುತ್ತಿದ್ದರು.

ನಮ್ಮ ದೇಶದಲ್ಲಿ ಇದನ್ನು ಹವ್ಯಾಸವಾಗಿ ಸಂಗ್ರಹಿಸುವುದು ಹೆಚ್ಚುಕಡಿಮೆ ಆಗದ ಮಾತು. 2019ರ ತಿದ್ದುಪಡಿ ಆದ ಮೇಲೆ ಸಾಮಾನ್ಯ ಲೈಸೆನ್ಸುದಾರ ಎರಡೇ ಆಯುಧ ಇಟ್ಟುಕೊಳ್ಳಬಹುದು, ಮೊದಲು ಮೂರಿತ್ತು. ಹಾಗಾಗಿ ನಾನು ಬರೆಯುತ್ತಿರುವುದೆಲ್ಲ ಅಮೆರಿಕದ ಒಹಾಯೋ ರಾಜ್ಯದ ಅನುಭವ. ನಾವಿರುವುದು ಕ್ಲೀವ್‌ಲ್ಯಾಂಡ್ ಹತ್ತಿರ. ಇಲ್ಲಿಂದ ಒಂದೂಕಾಲು ಗಂಟೆ ಕಾರಲ್ಲಿ ಹೋದರೆ ಈರಿ ಸರೋವರದ ದಡದಲ್ಲಿ ಕ್ಯಾಂಪ್ ಪೆರಿ ಅಂತ ಜಾಗ ಇದೆ. 1907ರಿಂದ ಅಲ್ಲಿ ರಾಷ್ಟ್ರೀಯ ಗುರಿ ಸ್ಪರ್ಧೆಗಳು ನಡೆಯುತ್ತಿವೆ. ಒಂದು ಜುಲೈನಲ್ಲಿ ಸುಮ್ನೆ ನೋಡಿಕೊಂಡು ಬರೋಣ ಅಂತ ಹೋಗಿದ್ದೆ.

ಅಲ್ಲಿ ಆಡುವ ಆಟಕ್ಕೆ ಬುಲ್ಸ್‌ಐ ಅಂತಾರೆ. ಒಂದೇ ಕೈಯಲ್ಲಿ, ತೋಳು ಚಾಚಿ ನಿಂತು ಹೊಡೆಯಬೇಕು, ಇನ್ನೊಂದು ಕೈ ಜೇಬಲ್ಲಿ. ಮೊದಲು ನಿಧಾನದ ಸುತ್ತು, 10 ನಿಮಿಷಕ್ಕೆ 10 ಗುಂಡು. ಆಮೇಲೆ 20 ಸೆಕೆಂಡಿಗೆ 5. ಕೊನೆಗೆ 10 ಸೆಕೆಂಡಿಗೆ 5. ಸಾಲಿನಲ್ಲಿದ್ದ ಎಲ್ಲರ ಕೈಯಲ್ಲೂ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು. ಒಬ್ಬ ಅಜ್ಜ ಮಾತ್ರ ರಿವಾಲ್ವರ್ ಹಿಡಿದಿದ್ದ. ಪಿಸ್ತೂಲಿನವರು ಟ್ರಿಗರ್ ಒತ್ತಿದರೆ ಆಯ್ತು, ಈ ಮನುಷ್ಯ ಪ್ರತಿ ಗುಂಡಿಗೂ ಅದೇ ಕೈಯ ಹೆಬ್ಬೆರಳಿಂದ ಹ್ಯಾಮರ್ ಹಿಂದಕ್ಕೆ ಎಳೆಯಬೇಕು. ಊರಲ್ಲಿ ಅದನ್ನು ಕುದುರೆ ಅಂತೀವಿ. 10 ಸೆಕೆಂಡಿನಲ್ಲಿ ಐದು ಸಲ ಕುದುರೆ ಎಳೆದು, ಮತ್ತೆ ಗುರಿ ಹಿಡಿದು, ಐದನ್ನೂ ಕಪ್ಪು ವೃತ್ತದೊಳಗೆ ಹಾಕಿದ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ಸುತ್ತು ಮುಗಿದ ಮೇಲೆ ಮಾತಾಡಿಸಿದೆ. ಅವನ ಕೈಯಲ್ಲಿದ್ದದ್ದು ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ಕೆ-22. ಅಪ್ಪ ಕೊಟ್ಟದ್ದಂತೆ. ನನ್ನ ಕುತೂಹಲ ನೋಡಿ, 'ನಿನಗೂ ಒಂದು ಬೇಕಾ?' ಅಂದ. ಬೇಕಿತ್ತು. ಆದರೆ ನಾನಾಗ ಎಚ್1ಬಿ ವೀಸಾದಲ್ಲಿದ್ದೆ. ಆ ವೀಸಾದವರಿಗೆ ಬಂದೂಕು ಇಟ್ಟುಕೊಳ್ಳೋದು ಸಾಮಾನ್ಯವಾಗಿ ಕಾನೂನಿಗೆ ವಿರುದ್ಧ, ಬೇಟೆ ಲೈಸೆನ್ಸ್ ಇದ್ದವರಿಗೆ ಏನೋ ವಿನಾಯಿತಿ ಇದೆ. ಆ ಸಂದುಗೊಂದುಗಳಲ್ಲಿ ನುಗ್ಗಿ ಗ್ರೀನ್ ಕಾರ್ಡಿಗೆ ಕಲ್ಲು ಹಾಕಿಕೊಳ್ಳುವ ಧೈರ್ಯ ಯಾರಿಗಿದೆ? ಭಾರತದವರ ಗ್ರೀನ್ ಕಾರ್ಡ್ ಸಾಲಿನ ಉದ್ದ ನಿಮಗೆ ಗೊತ್ತೇ ಇದೆ. ಅಷ್ಟೂ ವರ್ಷ ನಾನು ಮಾಡಿದ್ದು ಓದುವ ಕೆಲಸ ಮಾತ್ರ. ಈಗ ಅನ್ನಿಸುತ್ತದೆ, ಅದೇ ಒಳ್ಳೇದಾಯ್ತು. ಆದರೂ ಓದಿದ್ದು ಸಾಲಲಿಲ್ಲ, ಅದು ಆಮೇಲೆ ಬರುತ್ತದೆ.

ಕೆ-22 ಯಾಕೆ ಹುಟ್ಟಿತು ಅನ್ನೋದು ಇಷ್ಟು. 1930ರ ಹೊತ್ತಿಗೆ ಕೋಲ್ಟ್ ಕಂಪನಿ ತನ್ನ ಆಫೀಸರ್ಸ್ ಮಾಡೆಲ್ ರಿವಾಲ್ವರನ್ನು .22ರಲ್ಲಿ ತಂದಿತು. ಪೂರ್ತಿ ಗಾತ್ರದ, ಕೈತುಂಬ ಹಿಡಿಸುವ ರಿವಾಲ್ವರ್, ಆದರೆ ಅಗ್ಗದ ಗುಂಡು. ಎದುರಾಳಿ ಸ್ಮಿತ್ ಅಂಡ್ ವೆಸ್ಸನ್‌ನವರು ಸುಮ್ಮನಿರುತ್ತಾರಾ. ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯಲ್ಲಿ ಪೊಲೀಸರಿಗಾಗಿ ಮಾಡುತ್ತಿದ್ದ ದಪ್ಪ ಗುಂಡಿನ .38 ರಿವಾಲ್ವರ್ ಇತ್ತಲ್ಲ, ಅದೇ ಚೌಕಟ್ಟಿಗೆ .22 ನಳಿಗೆ ಮತ್ತು ಸಿಲಿಂಡರ್, ಅಂದರೆ ಗುಂಡು ತುಂಬುವ ತಿರುಗುವ ಉರುಳೆ, ಕೂರಿಸಿ ಕೆ-22 ಔಟ್‌ಡೋರ್ಸ್‌ಮನ್ ಅಂತ ಹೆಸರಿಟ್ಟರು. 1940ರವರೆಗೆ ಸುಮಾರು 17,000 ಮಾಡಿದರು.

ನಿಜವಾದ ಅಪರೂಪದ ಮಾಲು ಅದರ ಮುಂದಿನದು. ಆ ಅಜ್ಜ 10 ಸೆಕೆಂಡಿನಲ್ಲಿ ಐದು ಸಲ ಕುದುರೆ ಎಳೆದ ಅಂದೆನಲ್ಲ, ಔಟ್‌ಡೋರ್ಸ್‌ಮನ್‌ನಲ್ಲಿ ಅದರ ಎಳೆತ ಉದ್ದ. ಹೆಬ್ಬೆರಳು ದೂರ ಹೋಗಬೇಕು, ಹಿಡಿತ ಕದಲುತ್ತದೆ. ಸೈಟ್ ಹೊಂದಿಸೋದೂ ತಲೆನೋವು, ಒಂದು ಸ್ಕ್ರೂ ಸಡಿಲಿಸಿ ಎದುರಿನದನ್ನು ಬಿಗಿ ಮಾಡಬೇಕು, ಎಷ್ಟು ಸರಿಯಿತು ಅಂತ ಅಂದಾಜೇ. 1940ರಲ್ಲಿ ಕಂಪನಿ ಇವೆರಡನ್ನೂ ಸರಿಪಡಿಸಿತು. ಕುದುರೆಯ ಎಳೆತ ಗಿಡ್ಡವಾಯಿತು, 'ಟಿಕ್ ಟಿಕ್' ಅಂತ ಒಂದೊಂದೇ ಹೆಜ್ಜೆ ಸರಿಯುವ ಮೈಕ್ರೋಮೀಟರ್ ಸೈಟ್ ಬಂತು. ಮಾಸ್ಟರ್‌ಪೀಸ್ ಅಂತ ಹೆಸರಿಟ್ಟರು. ಅಷ್ಟರಲ್ಲಿ ಯುದ್ಧ. ಕಂಪನಿಗೆ ಆಗ ಇನ್ನೊಂದು ಸಂಕಟವೂ ಇತ್ತು. ಬ್ರಿಟನ್ ಸರ್ಕಾರ ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟು ಹೇಳಿದ್ದ ಹಗುರ ರೈಫಲ್ ಕೆಟ್ಟು ಹೋಗಿ, ಆ ದುಡ್ಡನ್ನು ಮಾಮೂಲಿ .38 ರಿವಾಲ್ವರ್‌ಗಳ ರೂಪದಲ್ಲಿ ತೀರಿಸಬೇಕಾಯಿತು. ಗುರಿ ಆಟದ ನಾಜೂಕು ರಿವಾಲ್ವರ್ ಮಾಡುತ್ತಾ ಕೂರುವ ಕಾಲ ಅದಾಗಿರಲಿಲ್ಲ. ಒಟ್ಟು ಆದದ್ದು ಸುಮಾರು 1,067. ಸೀರಿಯಲ್ ನಂಬರು 682420ರಿಂದ 696952ರ ನಡುವೆ, ಅದೂ ಬೇರೆ .38ಗಳ ಜೊತೆ ಕಲೆತು. ಯುದ್ಧ ಮುಗಿದು 1946ರಲ್ಲಿ ಮತ್ತೆ ಶುರು ಮಾಡಿದಾಗ ನಂಬರಿನ ಮುಂದೆ ಇಂಗ್ಲಿಷಿನ ಕೆ ಅಕ್ಷರ ಬಂತು, ನಳಿಗೆಯ ನೆತ್ತಿ ಮೇಲೆ ಉದ್ದಕ್ಕೂ ಒಂದು ಏಣು ಬಂತು. 1957ರಲ್ಲಿ ಅದೇ ಮಾಡೆಲ್ 17 ಆಯಿತು. ಅವು ಬೇಕಾದಷ್ಟು ಸಿಗುತ್ತವೆ. ಆ 1,067ರಲ್ಲಿ ಒಂದು ಸಿಕ್ಕಿದರೆ ಮಾತ್ರ ಸಂಗ್ರಹಕಾರರು ನಿದ್ದೆ ಬಿಡುತ್ತಾರೆ.

ಗ್ರೀನ್ ಕಾರ್ಡ್ ಬಂದದ್ದು 2017ರ ಕೊನೆಗೆ. ಮಾರನೇ ವರ್ಷ ಲೈಸೆನ್ಸಿಗೆ ಅರ್ಜಿ ಹಾಕಿದೆ. ಅಂಗಡಿಯಲ್ಲಿ ಒಂದೊಂದಾಗಿ ಕೊಳ್ಳೋಕೆ ಈ ಲೈಸೆನ್ಸ್ ಬೇಕಿಲ್ಲ. ಆದರೆ ಹಳೇ ಬಂದೂಕು ಸಂಗ್ರಹಿಸುವವರಿಗೆ ಅಂತಲೇ ಕೇಂದ್ರ ಸರ್ಕಾರದ ಒಂದು ಲೈಸೆನ್ಸ್ ಇದೆ, ಕ್ಯೂರಿಯೋ ಅಂಡ್ ರೆಲಿಕ್ ಅಂತಾರೆ. ಕನಿಷ್ಠ 50 ವರ್ಷ ಹಳೆಯದಾಗಿರಬೇಕು, ಹೊಸದಾಗಿ ಮಾಡಿದ ನಕಲು ಆಗಬಾರದು, ಇಲ್ಲಾ ಅಪರೂಪದ್ದು ಅಂತ ಸರ್ಕಾರವೇ ಪಟ್ಟಿ ಮಾಡಿರಬೇಕು. ಅಂಥವನ್ನು ಬೇರೆ ರಾಜ್ಯದವರಿಂದಲೂ ನೇರ ಕೊಳ್ಳಬಹುದು, ಮನೆಗೇ ತರಿಸಬಹುದು. ಮಾಮೂಲಿ ಜನ ಬೇರೆ ರಾಜ್ಯದವರಿಂದ ಕೈಬಂದೂಕು ಹೀಗೆ ಕೊಳ್ಳುವಂತಿಲ್ಲ, ತಮ್ಮೂರಿನ ಡೀಲರ್ ಮೂಲಕವೇ ಬರಬೇಕು. ವ್ಯಾಪಾರ ಮಾಡುವ ಹಾಗಿಲ್ಲ, ಸಂಗ್ರಹ ಅಂದರೆ ಸಂಗ್ರಹವೇ. ರಾಜ್ಯದ ಕಾನೂನು ಬೇರೆ ಇದ್ದರೆ ಅದೂ ಅನ್ವಯ.

ಅರ್ಜಿಯ ಹೆಸರು 7ಸಿಆರ್. ಶುಲ್ಕ 30 ಡಾಲರ್, ಮೂರು ವರ್ಷಕ್ಕೆ. ನಮ್ಮಪ್ಪ ಊರಲ್ಲಿ ಕೋವಿ ಲೈಸೆನ್ಸ್ ನವೀಕರಣಕ್ಕೆ ಅಲೆಯೋದು ನೋಡಿದ್ದ ನನಗೆ ಇದು ನಂಬೋಕೇ ಆಗಲಿಲ್ಲ. ಬೆರಳಚ್ಚು ಬೇಡ, ಫೋಟೋ ಬೇಡ. ಅರ್ಜಿಯ ಒಂದು ಪ್ರತಿಯನ್ನು ಮಾತ್ರ ನಮ್ಮೂರಿನ ಪೊಲೀಸ್ ಮುಖ್ಯಸ್ಥರಿಗೆ ಕಳಿಸಬೇಕು. ಅವರ ಒಪ್ಪಿಗೆ ಕೇಳೋದಲ್ಲ, ಅವರಿಗೆ ತಿಳಿಸೋದು. ನಾನು ಹೆದರಿಕೊಂಡು ಖುದ್ದಾಗಿ ಠಾಣೆಗೆ ಹೋಗಿ ಕೊಟ್ಟೆ. ಕೌಂಟರಿನ ಹೆಂಗಸು ಲಕೋಟೆ ಇಸಕೊಂಡು, 'ಇಷ್ಟೇನಾ?' ಅಂತ ಕೇಳಿದರು. ಅಜ್ಜಯ್ಯನ ಜೊತೆ ಠಾಣೆ ಜಗಲಿ ಮೇಲೆ ಅರ್ಧ ದಿನ ಕೂತ ನೆನಪು ಇರುವವನಿಗೆ ಒಂದು ನಿಮಿಷದಲ್ಲಿ ಹೊರಗೆ ಬಂದದ್ದು ಏನೋ ಕಡಿಮೆಯಾದ ಹಾಗೆ ಅನ್ನಿಸಿತು. ಏಳನೇ ವಾರಕ್ಕೆ ಲೈಸೆನ್ಸ್ ಅಂಚೆಯಲ್ಲಿ ಬಂತು.

ಲೈಸೆನ್ಸ್ ಬಂದರೆ ಪುಸ್ತಕ ಇಡಬೇಕು. ಬೌಂಡ್ ಬುಕ್ ಅಂತಾರೆ, ಒಂಥರಾ ಕಿರಾಣಿ ಅಂಗಡಿಯ ಖಾತೆ. ಯಾವ ತಾರೀಕು, ಯಾರಿಂದ, ಅವರ ವಿಳಾಸ, ಯಾವ ಕಂಪನಿ, ಸೀರಿಯಲ್ ನಂಬರ್, ಎಷ್ಟರ ಗುಂಡು. ಕೊಟ್ಟರೆ ಯಾರಿಗೆ ಕೊಟ್ಟೆ ಅನ್ನೋದು ಅದೇ ಸಾಲಿನ ಬಲಗಡೆ. ಅಧಿಕಾರಿಗಳು 12 ತಿಂಗಳಿಗೊಮ್ಮೆ ನೋಡೋಕೆ ಬರಬಹುದು. ನನ್ನ ಹೆಂಡತಿ ಅದನ್ನು ನೋಡಿ, 'ಹಾಲಿನವನ ಲೆಕ್ಕ ಇಷ್ಟು ಚೆಂದ ಇಟ್ಟಿದ್ರಾ ಯಾವತ್ತಾದ್ರೂ?' ಅಂದಳು. ಅವಳು ಹಾಕಿದ ಷರತ್ತು ಒಂದೇ. ಮನೇಲಿ ಮಗಳಿದ್ದಾಳೆ, ಹಾಗಾಗಿ ಮೊದಲು ಕಬ್ಬಿಣದ ಸೇಫ್, ಆಮೇಲೆ ರಿವಾಲ್ವರ್. ಸೇಫ್ ಬಂತು, ಬೇಸ್‌ಮೆಂಟ್ ನೆಲಕ್ಕೆ ಬೋಲ್ಟ್ ಹಾಕಿಸಿದೆ. ನಾಲ್ಕು ತಿಂಗಳು ಅದು ಖಾಲಿ ನಿಂತಿತ್ತು.

ಮೊದಲ ರಿವಾಲ್ವರಿನಲ್ಲೇ ಮುಗ್ಗರಿಸಿದೆ. 1949ರ ಕೆ-22, ಒಂದು ಬಂದೂಕು ಮಾರಾಟದ ಶೋನಲ್ಲಿ 700 ಡಾಲರಿಗೆ ಕೊಂಡೆ. ಏನು ಹೊಳಪು ಅಂತೀರಿ! ಕನ್ನಡಿ ಥರ. ಯಾರೂ ಬಳಸದೇ ಇಟ್ಟಿದ್ದರು ಅಂತ ಬೀಗಿಕೊಂಡು ಗುರಿ ಅಭ್ಯಾಸದ ಕ್ಲಬ್ಬಿಗೆ ಒಯ್ದೆ. ಕ್ಯಾಂಪ್ ಪೆರಿಯ ಆ ಅಜ್ಜ ಅಷ್ಟು ಹೊತ್ತಿಗೆ ನನಗೆ ಗುರುವೇ ಆಗಿಬಿಟ್ಟಿದ್ದ. ಅವನು ಅದನ್ನು ಕೈಗೆ ತಗೊಂಡು, ಸಿಲಿಂಡರ್ ತೆರೆದು ಖಾಲಿ ಇದೆಯಾ ನೋಡಿ, ದೀಪದ ಕಡೆ ಓರೆ ಮಾಡಿ ಹಿಡಿದು ಒಂದೇ ನಿಮಿಷ ನೋಡಿದ. ಏನೂ ಹೇಳದೆ ವಾಪಸ್ ಕೊಟ್ಟ. ಅದೇ ಉತ್ತರ.

ಮತ್ತೆ ಬಣ್ಣ ಹಾಕಿಸಿದ್ದು. ಪಾಲಿಶ್ ಮಾಡುವ ಬಫಿಂಗ್ ಚಕ್ರಕ್ಕೆ ಒತ್ತಿ ಉಜ್ಜಿ, ಹೊಸದಾಗಿ ಬ್ಲೂಯಿಂಗ್, ಅಂದರೆ ಉಕ್ಕಿಗೆ ಕೊಡುವ ಕಪ್ಪು ನೀಲಿ ಬಣ್ಣ, ಮಾಡಿದ್ದು. ನಮ್ಮ ಮನೆಯಲ್ಲಿ ಅಜ್ಜಿಯ ಹಿತ್ತಾಳೆ ಹರಿವಾಣವನ್ನು ಯಾರೋ ಪಾಲಿಶ್‌ಗೆ ಕೊಟ್ಟು, ಅಂಚಿನಲ್ಲಿ ಕೊರೆಸಿದ್ದ ಹೆಸರೇ ಅಳಿಸಿಹೋಗಿತ್ತು, ಹಾಗೆ. ಅಜ್ಜ ಒಂದೊಂದಾಗಿ ತೋರಿಸಿದ. ನಳಿಗೆ ಮೇಲಿನ ಅಕ್ಷರಗಳ ಅಂಚು ಕರಗಿದೆ. ಸ್ಕ್ರೂ ಕೂರುವ ಕಡೆ ತಟ್ಟೆಯ ಥರ ತಗ್ಗಾಗಿದೆ. ಪಕ್ಕದ ಮುಚ್ಚಳ ಚೌಕಟ್ಟಿಗೆ ಕೂಡುವ ಗೆರೆ ಕಾರ್ಖಾನೆಯಿಂದ ಬಂದಾಗ ಕಣ್ಣಿಗೇ ಕಾಣಬಾರದು, ಇದರಲ್ಲಿ ಉಗುರಿಗೆ ಸಿಗುತ್ತಿತ್ತು. ಎಲ್ಲಕ್ಕಿಂತ ಅಸಲಿ ಸಾಕ್ಷಿ ಕುದುರೆ ಮತ್ತು ಟ್ರಿಗರ್. ಅವೆರಡಕ್ಕೆ ಕಂಪನಿ ಬ್ಲೂಯಿಂಗ್ ಮಾಡುತ್ತಿರಲಿಲ್ಲ, ಬೆಂಕಿಯಲ್ಲಿ ಗಟ್ಟಿ ಮಾಡಿದಾಗ ಬರುವ ಕಂದು ನೀಲಿ ಮೋಡದಂಥ ಬಣ್ಣ ಹಾಗೇ ಬಿಡುತ್ತಿದ್ದರು. ನನ್ನದರಲ್ಲಿ ಅವೂ ಕಪ್ಪಗೆ ಮಿಂಚುತ್ತಿದ್ದವು. ಇದನ್ನೆಲ್ಲ ನಾನು ಎಷ್ಟೋ ಸಲ ಓದಿದ್ದೆ ಕಣ್ರೀ. ಓದಿದ್ದು ಹೊಳಪಿನ ಮುಂದೆ ನೆನಪಾಗಲೇ ಇಲ್ಲ. ಸಂಗ್ರಹದ ಬೆಲೆ ಅರ್ಧಕ್ಕಿಂತ ಕಡಿಮೆ. ಗುರಿ ಮಾತ್ರ ಇವತ್ತಿಗೂ ಚೆನ್ನಾಗಿ ಹೊಡೆಯುತ್ತದೆ, ವಾರವಾರ ಕ್ಲಬ್ಬಿಗೆ ಒಯ್ಯುವುದು ಅದನ್ನೇ.

ಆಮೇಲೆ ಮೂರು ಕೊಂಡೆ, ಎಚ್ಚರದಿಂದ. ಅದರಲ್ಲೊಂದು ಪೆನ್ಸಿಲ್ವೇನಿಯಾದ ಡೀಲರಿಂದ ಮನೆಗೇ ಬರಬೇಕಾಗಿತ್ತು, ಕೋಲ್ಟ್ ಆಫೀಸರ್ಸ್ ಮಾಡೆಲ್ ಮ್ಯಾಚ್. ಲೈಸೆನ್ಸ್ ಪ್ರತಿಗೆ ಶಾಯಿಯಲ್ಲಿ ಸಹಿ ಹಾಕಿ ಕಳಿಸಿದೆ, ಡೀಲರ್ ಸರಿಯಾಗೇ ಪಾರ್ಸೆಲ್ ಮಾಡಿದ. ಕೊರಿಯರ್‌ನವರ ಗೋದಾಮಿನಲ್ಲಿ ಅದು ನಾಲ್ಕು ದಿನ ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ. ಫೋನ್ ಮಾಡಿದಾಗ ಆ ಕಡೆಯವರು 'ಪೊಟ್ಟಣದಲ್ಲಿ ಏನಿತ್ತು?' ಅಂತ ಕೇಳಿದರು. 1950ರ ದಶಕದ ರಿವಾಲ್ವರ್ ಅಂದೆ. ಒಂದು ಕ್ಷಣ ಮೌನ. ಮಾರನೇ ದಿನವೇ ಸಿಕ್ಕಿತು.

ಈಗ ಆ ಆರು ಅಂಕಿಯ ವಿಷಯ. 2021ರಲ್ಲಿ ಒಹಾಯೋದಲ್ಲೇ ದಕ್ಷಿಣಕ್ಕಿರುವ ವಿಲ್ಮಿಂಗ್ಟನ್ ಅನ್ನುವ ಊರಿನಲ್ಲಿ ಸಂಗ್ರಹಕಾರರ ಶೋ. ನಮ್ಮನೆಯಿಂದ ಮೂರು ಗಂಟೆ ದಾರಿ. ಅಜ್ಜನೂ ಬಂದಿದ್ದ, ಕಾರಲ್ಲಿ ಪೂರ್ತಿ ನಿದ್ದೆ ಹೊಡೆದ. ಒಳಗೆ ಮೇಜುಗಳ ಸಾಲು ಸಾಲು, ಸಂತೆ ಥರವೇ, ಗದ್ದಲ ಮಾತ್ರ ಕಡಿಮೆ. ಎಲ್ಲ ಬಂದೂಕಿಗೂ ಪ್ಲಾಸ್ಟಿಕ್ ಟೈ ಬಿಗಿದಿರುತ್ತಾರೆ, ಕುದುರೆ ಎಳೆಯೋಕೆ ಆಗದ ಹಾಗೆ. ಮುಟ್ಟೋಕೆ ಮುಂಚೆ ಕೇಳಬೇಕು. ಸಿನಿಮಾದಲ್ಲಿ ತೋರಿಸುವ ಹಾಗೆ ಮಣಿಕಟ್ಟು ಝಾಡಿಸಿ ಸಿಲಿಂಡರ್ ಮುಚ್ಚಿದರಂತೂ ಮೇಜಿನವನು ಕಿತ್ತುಕೊಳ್ಳುತ್ತಾನೆ, ಅದರಿಂದ ಒಳಗಿನ ಕೀಲು ಬಾಗುತ್ತದೆ.

ಹನ್ನೊಂದು ಗಂಟೆ ಸುಮಾರಿಗೆ ಒಂದು ಮೂಲೆಯ ಮೇಜಿನಲ್ಲಿ ಕಂಡಿತು. ಇಂಡಿಯಾನಾದಿಂದ ಬಂದಿದ್ದ ಒಬ್ಬರು, ತೀರಿಹೋದ ಮಾವನ ಸಾಮಾನು ಮಾರುತ್ತಿದ್ದರು. ಒಂದು ಕೆ-22, ನಳಿಗೆಯ ನೆತ್ತಿ ದುಂಡಗೆ, ಏಣಿಲ್ಲ. ಅಂದರೆ ಯುದ್ಧಕ್ಕೆ ಮೊದಲಿನದು. ಹಿಂದಿನ ಸೈಟ್ ನೋಡಿದೆ. ಟಿಕ್ ಟಿಕ್ ಸೈಟ್. ಎದೆ ಡಬ ಡಬ ಅಂತು. ಏಣಿಲ್ಲದ ನಳಿಗೆ, ಟಿಕ್ ಟಿಕ್ ಸೈಟ್, ಇವೆರಡೂ ಒಟ್ಟಿಗೆ ಬರೋದು ಆ 1,067ರಲ್ಲಿ ಮಾತ್ರ. ಚೀಟಿಯಲ್ಲೂ ಹಾಗೇ ಬರೆದಿತ್ತು, ಯುದ್ಧಪೂರ್ವ ಮಾಸ್ಟರ್‌ಪೀಸ್, 3,200 ಡಾಲರ್. ಅದು ನಿಜವಾದರೆ ಕೊಡಬಹುದಾದ ಬೆಲೆ.

ಕುದುರೆ ಟ್ರಿಗರ್ ಎರಡಕ್ಕೂ ಮೋಡದ ಬಣ್ಣ ಇತ್ತು. ಬ್ಲೂಯಿಂಗ್ ನಳಿಗೆ ತುದಿಯಲ್ಲಿ ತುಸು ಸವೆದಿತ್ತು, ಚರ್ಮದ ಚೀಲಕ್ಕೆ ಹೋಗಿ ಬಂದ ಸವೆತ. ಟಾರ್ಚ್ ಹಿಡಿದು ನಳಿಗೆ ಒಳಗೆ ನೋಡಿದೆ, ಗಾಡಿ ಚಕ್ರಕ್ಕೆ ಪಟ್ಟಿ ಹಾಕಿದ ಹಾಗೆ ಎಲ್ಲಾದರೂ ಕಪ್ಪು ಉಂಗುರ ಇದ್ದರೆ ಅಲ್ಲಿ ಗುಂಡು ಸಿಕ್ಕಿಹಾಕಿಕೊಂಡು ಉಬ್ಬಿದೆ ಅಂತ ಅರ್ಥ. ಇರಲಿಲ್ಲ. ಸಿಲಿಂಡರಿನ ಆರು ಬಾಯಿಗಳ ಅಂಚು ನೋಡಿದೆ. .22ನಲ್ಲಿ ಗುಂಡಿಲ್ಲದೆ ಸುಮ್ನೆ ಟ್ರಿಗರ್ ಒತ್ತಿ ಆಡಿದ್ದರೆ ಪಿನ್ ಅಲ್ಲಿಗೇ ಬಡಿದು ಕಚ್ಚು ಮಾಡಿರುತ್ತದೆ. ಅದೂ ಇಲ್ಲ. ಆ ಬಾಯಿಗಳು ಒಳಕ್ಕೆ ತಗ್ಗಾಗಿ ಕೊರೆದಿದ್ದವು, ತೋಟೆಯ ಅಂಚು ಪೂರ್ತಿ ಮುಳುಗುವ ಹಾಗೆ. ಜೋರು ವೇಗದ .22 ಗುಂಡು ಬಂದ ಮೇಲೆ ಮಾಡಿದ ಏರ್ಪಾಡು ಅದು, ಮೊದಮೊದಲಿನ ಕೆ-22ಗಳಲ್ಲಿ ಇರಲಿಲ್ಲ. ಎಲ್ಲ ಸರಿ ಇದೆ. ಕೈ ಪರ್ಸಿನ ಕಡೆ ಹೋಗುತ್ತಿತ್ತು.

ಅಜ್ಜ ಮಾತ್ರ 'ನಂಬರ್ ಓದು' ಅಂದ.

ಹಿಡಿಯ ತಳದಲ್ಲಿ ನಂಬರ್. ಅಲ್ಲಿ ಹಳೇ ಎಣ್ಣೆ, ಕೊಳೆ ಗಟ್ಟಿಯಾಗಿ ಕೂತಿತ್ತು. ನಾನು ಓದಿದ್ದು 688 ಅಂತ ಶುರು. ಮಾರುವವರೂ ಹಾಗೇ ಓದಿದ್ದರು, ಸಂಗ್ರಹಕಾರರ ಪುಸ್ತಕ ನೋಡಿ 682420ರ ಮೇಲಿದೆ ಅಂತ ಚೀಟಿ ಬರೆದಿದ್ದರು. ಮೋಸ ಏನಿಲ್ಲ. ಅಜ್ಜ ಟಾರ್ಚನ್ನು ನೇರ ಹಿಡಿಯದೆ ಪಕ್ಕದಿಂದ, ಮೇಜಿಗೆ ಸಮ ಮಾಡಿ ಹಿಡಿದ. ಸಾಲದು ಅಂತ ಜೇಬಿಂದ ಸೀಮೆಸುಣ್ಣದ ಚೂರು ತೆಗೆದ. ಮಾರುವವರನ್ನು ಕೇಳಿ, ಬಟ್ಟೆಯಿಂದ ಕೊಳೆ ಒರೆಸಿ, ಮೇಲೆ ಸುಣ್ಣ ಸವರಿ ಬೆರಳಿಂದ ಉಜ್ಜಿದ. ಅಂಕಿಗಳ ಗೀರಿನೊಳಗೆ ಬಿಳಿ ಉಳಿಯಿತು.

658. ಮಧ್ಯದ ಅಂಕಿ 5. ಎಂಟಲ್ಲ.

ಮೂವರೂ ಒಂದರ ಪಕ್ಕ ಒಂದು ತಲೆ ಇಟ್ಟು ನೋಡಿದೆವು. ಅದೇ ನಂಬರ್ ಸಿಲಿಂಡರಿನ ಹಿಂಬದಿಯಲ್ಲೂ ಇರುತ್ತದೆ, ನಳಿಗೆಯ ಅಡಿಯಲ್ಲೂ ಇರುತ್ತದೆ. ಅಲ್ಲಿ ಕೊಳೆ ಇರಲಿಲ್ಲ, 5 ಅಂತ ಸ್ಪಷ್ಟ. ನಾನು ಟೈ ಕತ್ತರಿಸೋಕೆ ಆಗುತ್ತಾ ಅಂತ ಕೇಳಿದೆ. ಅವರು ಕತ್ತರಿಸಿದರು. ಹೆಬ್ಬೆರಳಿಟ್ಟು ಕುದುರೆ ಎಳೆದೆ. ಎಳೆದೆ, ಎಳೆದೆ, ಇನ್ನೂ ಹಿಂದಕ್ಕೆ ಹೋಯ್ತು. ಉದ್ದ ಎಳೆತ. ಟೈ ಇದ್ದದ್ದಕ್ಕೇ ಇದು ಗೊತ್ತಾಗಿರಲಿಲ್ಲ. ಇದು ಔಟ್‌ಡೋರ್ಸ್‌ಮನ್. ಸೈಟ್ ಮಾತ್ರ ಆಮೇಲಿನದು.

ಆಗ ಅಜ್ಜ ಬೆರಳಿಟ್ಟು ತೋರಿಸಿದ. ನಂಬರಿನ ಪಕ್ಕ ಸುಣ್ಣದಲ್ಲಿ ಇನ್ನೊಂದು ಗುರುತು ಎದ್ದಿತ್ತು, ಸಣ್ಣ ನಕ್ಷತ್ರ. ಕಾರ್ಖಾನೆಗೆ ವಾಪಸ್ ಹೋಗಿ ಕೆಲಸ ಮಾಡಿಸಿಕೊಂಡು ಬಂದದ್ದಕ್ಕೆ ಹೊಡೆಯುತ್ತಿದ್ದ ಗುರುತು ಅದು.

ಮಾರುವವರ ಮುಖ ಸಣ್ಣದಾಯಿತು. ಪಾಪ, ಆ ದುಡ್ಡಿನಲ್ಲಿ ಅವರಿಗೂ ಏನೋ ಲೆಕ್ಕ ಇದ್ದಿರಬೇಕು. ನಾನು ತಪ್ಪು ಓದಿದವನೇ ಅಲ್ವಾ, ಜೋರು ಮಾತಾಡೋಕೆ ನನಗೇನು ಹಕ್ಕು. ಕಾಫಿ ಕುಡಿದುಕೊಂಡು ಬರ್ತೀನಿ ಅಂದೆ. ವಾಪಸ್ ಬಂದಾಗ ಅವರೇ ಚೀಟಿಯ ಮೇಲೆ ಗೀಟು ಹಾಕಿ 1,500 ಅಂತ ಬರೆದಿದ್ದರು. 1,300ಕ್ಕೆ ಒಪ್ಪಿದರು. ಲೈಸೆನ್ಸ್ ಇದ್ದದ್ದು ಇಲ್ಲಿ ಉಪಯೋಗಕ್ಕೆ ಬಂತು, ಅವರು ಬೇರೆ ರಾಜ್ಯದವರಾದರೂ ಅಲ್ಲೇ ಕೊಡಬಹುದಿತ್ತು. ಪ್ರತಿ ಕೊಟ್ಟೆ, ಅವರ ವಿಳಾಸ ಬರೆದುಕೊಂಡೆ. ಪುಸ್ತಕದಲ್ಲಿ ಐದನೇ ಸಾಲು.

ಯಾಕೆ ಕೊಂಡೆ ಅಂತ ಅಜ್ಜನೇ ದಾರಿಯಲ್ಲಿ ಕೇಳಿದ. ಪಕ್ಕಾ ಸಂಗ್ರಹಕಾರರಿಗೆ ಇದು ಬೇಡದ ವಸ್ತು, ಮೂಲದ ಸೈಟ್ ಇಲ್ಲ, ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ನನಗೆ ಯಾಕೋ ಅದನ್ನು ಬಿಟ್ಟು ಬರೋಕೆ ಆಗಲಿಲ್ಲ. ಯಾರೋ ಒಬ್ಬ ಮನುಷ್ಯ ತನ್ನ ಹಳೇ ರಿವಾಲ್ವರ್ ಬಿಡೋಕೆ ಮನಸ್ಸಿಲ್ಲದೆ, ಹೊಸ ಸೈಟ್ ಬೇಕು ಅಂತ ಆಸೆಪಟ್ಟು, ಪೆಟ್ಟಿಗೆ ಕಟ್ಟಿ ಸ್ಪ್ರಿಂಗ್‌ಫೀಲ್ಡಿಗೆ ಕಳಿಸಿ ಕಾದಿದ್ದಾನೆ. ಹೊಸ ಮಾಸ್ಟರ್‌ಪೀಸನ್ನೇ ಕೊಂಡುಬಿಡಬಹುದಿತ್ತಲ್ಲ.

ಮನೆಗೆ ಬಂದು ಹಿಡಿಯ ಮರದ ಪಟ್ಟಿ ಬಿಚ್ಚಿದೆ. ಸ್ಕ್ರೂ ಡ್ರೈವರ್ ಸರಿಯಾದ ಅಳತೆಯದ್ದೇ ಇರಬೇಕು, ಅಡುಗೆಮನೆ ಡ್ರಾಯರಿನದ್ದು ಹಾಕಿದರೆ ಸ್ಕ್ರೂ ತಲೆ ಕಿತ್ತು ಎಂಬತ್ತು ವರ್ಷದ ಮರ್ಯಾದೆ ಒಂದು ಸೆಕೆಂಡಿನಲ್ಲಿ ಹೋಗುತ್ತದೆ. ಬಲಗಡೆ ಪಟ್ಟಿಯ ಒಳಮೈಯಲ್ಲಿ ಅದೇ 658 ನಂಬರ್. ಅಂದರೆ ಮರವೂ ಇದರದ್ದೇ. ಎಡಗಡೆ ಕಬ್ಬಿಣದ ಮೇಲೆ ಸಣ್ಣದಾಗಿ 4.52 ಅಂತ ಒತ್ತಿದ್ದರು. 1952ರ ಏಪ್ರಿಲ್. ಕಾರ್ಖಾನೆಯ ರಿಪೇರಿ ತಾರೀಕು.

ಕಂಪನಿಯ ಹಳೇ ದಾಖಲೆ ನೋಡಿ ಪತ್ರ ಬರೆದು ಕೊಡುವ ಸ್ಮಿತ್ ಅಂಡ್ ವೆಸ್ಸನ್ ಹಿಸ್ಟಾರಿಕಲ್ ಫೌಂಡೇಶನ್ ಇದೆ. ಫೋಟೋ, ನಂಬರ್, ಶುಲ್ಕ ಕಳಿಸಿದೆ. ತಿಂಗಳುಗಟ್ಟಲೆ ಕಾದೆ. ಪತ್ರ ಬಂದ ದಿನ ಆಫೀಸಿನ ಮೀಟಿಂಗ್ ಮಧ್ಯೆ ಒಡೆದು ಓದಿದೆ. 1936ರ ಅಕ್ಟೋಬರಿನಲ್ಲಿ ಕಾರ್ಖಾನೆಯಿಂದ ಹೊರಟಿದೆ, ಆರಿಂಚು ನಳಿಗೆ, ಬ್ಲೂಯಿಂಗ್, ಸೇಂಟ್ ಲೂಯಿಸ್‌ನ ಒಂದು ಹಾರ್ಡ್‌ವೇರ್ ಅಂಗಡಿಗೆ. 1952ರ ಬಗ್ಗೆ ಒಂದಕ್ಷರ ಇಲ್ಲ. ಅದನ್ನು ಕಳಿಸಿದವನು ಯಾರು ಅಂತ ಗೊತ್ತಾಗುವ ದಾರಿ ಅಲ್ಲಿಗೆ ಮುಚ್ಚಿತು. ನಾನು ಆ ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಸೇಫ್ ಒಳಗೇ ಇಟ್ಟಿದ್ದೇನೆ.

ಕ್ಲಬ್ಬಿನಲ್ಲಿ ಅದನ್ನು ಒಂದೇ ಸಲ ಹೊಡೆದೆ, ಕಡಿಮೆ ವೇಗದ ಗುಂಡು ಹಾಕಿ, 25 ಗಜದಲ್ಲಿ, ಒಂದೇ ಕೈಯಲ್ಲಿ. ಹತ್ತರಲ್ಲಿ ಏಳು ಕಪ್ಪಿಗೆ ಬಿದ್ದವು. ಮಿಕ್ಕ ಮೂರರ ಜವಾಬ್ದಾರಿ ನನ್ನದೇ, ಸೈಟಿನದ್ದಲ್ಲ. ಎರಡು ಟಿಕ್ ಎಡಕ್ಕೆ ತಿರುಗಿಸಬೇಕು ಅಂತ ಅನ್ನಿಸಿತು, ಆಮೇಲೆ ಬೇಡ ಅಂತ ಬಿಟ್ಟೆ. ಅದು ಅವನು ಹೊಂದಿಸಿಟ್ಟದ್ದು ಇರಬಹುದು.

ಆ ಭಾನುವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅಪ್ಪಯ್ಯನಿಗೆ ಇದೆಲ್ಲ ಹೇಳಿದೆ. ಐದು, ಎಂಟು, ಸುಣ್ಣ, ನಕ್ಷತ್ರ. ಅವರು ಕಿವಿಗೊಟ್ಟು ಕೇಳಿದರು. ಎಲ್ಲ ಮುಗಿದ ಮೇಲೆ, 'ಅದ್ರಲ್ಲಿ ಹಂದಿ ಬೀಳ್ತದ?' ಅಂದರು. ಇಲ್ಲ ಅಪ್ಪಯ್ಯ, ಸಣ್ಣ ಗುಂಡು, ಕಾಗದಕ್ಕೆ ಮಾತ್ರ ಅಂದೆ. 'ಮತ್ತೆ ಎಂತಕ್ಕೆ ಮಾರಾಯ ಅದು?' ಅಂದರು. ನಾನು ಉತ್ತರ ಯೋಚಿಸುವಷ್ಟರಲ್ಲಿ ಅಮ್ಮ ಫೋನ್ ಇಸಕೊಂಡರು.

ಎರಡು ದಿನ ಬಿಟ್ಟು ವಾಟ್ಸಾಪಿನಲ್ಲಿ ಅಪ್ಪಯ್ಯನಿಂದ ಒಂದು ಫೋಟೋ. ಅಜ್ಜಯ್ಯನ ಕೋವಿಯ ನಳಿಗೆ, ತಲೆಕೆಳಗಾಗಿ, ಅರ್ಧ ಅಲುಗಾಡಿದ್ದು. ಜೊತೆಗೆ ಧ್ವನಿ ಸಂದೇಶ. 'ಲೈಸೆನ್ಸ್ ಪುಸ್ತಕದಲ್ಲಿ ಕಡೇ ಅಂಕಿ ಏಳು ಅಂತಿದೆ, ನಳಿಗೆ ಮೇಲೆ ಒಂದರ ಥರ ಕಾಣ್ತದೆ. ನಲವತ್ತು ವರ್ಷದಿಂದ ಠಾಣೆಯವರೂ ನೋಡಿಲ್ಲ, ನಾನೂ ನೋಡಿಲ್ಲ. ನೀನು ನೋಡಿ ಹೇಳು.'

ಎಷ್ಟು ದೊಡ್ಡದು ಮಾಡಿ ನೋಡಿದರೂ ಗೊತ್ತಾಗಲಿಲ್ಲ. ಸುಣ್ಣ ಸವರಿ, ಟಾರ್ಚು ಪಕ್ಕದಿಂದ ಹಿಡೀರಿ ಅಂತ ಬರೆದೆ. ಮನೇಲಿ ಸೀಮೆಸುಣ್ಣ ಇರಲಿಲ್ಲ ಅಂತ ಕಾಣುತ್ತದೆ. ಮುಂದಿನ ಫೋಟೋದಲ್ಲಿ ಕೋವಿಯ ನಳಿಗೆಗೆ ದೇವರ ಕೋಣೆಯ ವಿಭೂತಿ ಬಳಿದಿತ್ತು. ಏಳೇ.